ತಕ್ಕಡಿಯಲ್ಲುಳಿದ ಅಡಿಕೆ

ಸುಳ್ಯದ ಅಡಿಕೆ ವ್ಯಾಪಾರಿಯೊಬ್ಬರಿಗಾಗಿ ಲೆಕ್ಕದ ತಂತ್ರಾಂಶವೊಂದನ್ನು ರಚಿಸಿಕೊಟ್ಟಾಗ, ಹೊಸ ಅಡಿಕೆ, ಸಿಂಗಲ್ ಚೋಲ್, ಪಟೋರ, ಕರಿಗೋಟು ಎಂಬೀ ತರಗತಿಗಳ ಲೆಕ್ಕವೆಲ್ಲವೂ ಸರಿಯೇ ಎಂಬುದನ್ನು ಗಣಕವೇ ನೋಡಿಕೊಳ್ಳುವಂತೆ ಹತ್ತು ಸ್ವಯಂಚಾಲಿತ ಪರೀಕ್ಷೆಗಳನ್ನೂ ಅದರೊಡನೆ ಬರೆದಿರಿಸಿದ್ದೆನು. ತಿಂಗಳುಗಟ್ಟಲೆ ಅವು ದಿನವೂ ತೇರ್ಗಡೆಯಾದುವು. ಒಮ್ಮೆ ಕುತೂಹಲಕ್ಕೆಂದು, ಇಸ್ಪೀಟಿನೆಲೆಗಳನ್ನು ಕಲಸುವಂತೆ ಅವುಗಳ ಕ್ರಮವನ್ನು ಕಲಸಿ ಓಡಿಸಲಾಗಿ, ಪಟೋರದ ಬಿಲ್ಲು ಸೊನ್ನೆ ರೂಪಾಯಿಯೆಂದು ಬಂದಿತು!

ಮೂರನೆಯ ಪರೀಕ್ಷೆಯು ಅಂದಿನ ಧಾರಣೆಯನ್ನು ಗಣಕದ ಸ್ಮೃತಿಯಲ್ಲಿ ಬರೆದು ಅಳಿಸದೆಯೇ ಹೊರಟುಹೋಗುತ್ತಿದ್ದಿತು. ಪಟೋರದ ಬಿಲ್ಲನ್ನು ನೋಡುವ ಏಳನೆಯದು ಅದನ್ನು ತನ್ನದೆಂಬಂತೆ ಬಳಸಿಕೊಂಡು ಉತ್ತೀರ್ಣವಾಗುತ್ತಿದ್ದಿತು. ಕಡಬದ ಬೆಳೆಗಾರನ ನಾಲ್ಕು ಅಡಿಕೆ ತಕ್ಕಡಿಯ ತಟ್ಟೆಯಲ್ಲಿ ಉಳಿದಿರುವಾಗಲೇ ಪುತ್ತೂರಿನವನ ಗೋಣಿಯನ್ನು ಸುರಿದು ತೂಗಿದಂತಾಯಿತು. ಅಂಗಡಿಯಲ್ಲಿಯೂ, ಬೆಳಗ್ಗೆ ಧಾರಣೆಯನ್ನು ನಮೂದಿಸುವುದಕ್ಕೆ ಮೊದಲೇ ಗುಮಾಸ್ತರು ಬಿಲ್ಲು ತೆಗೆದಿದ್ದರೆ, ಆ ತಂತ್ರಾಂಶವು ತಡೆಯದೆ ಸೊನ್ನೆಯನ್ನೇ ಮುದ್ರಿಸುತ್ತಿದ್ದಿತು.

ಹತ್ತು ಪರೀಕ್ಷೆಗಳನ್ನು 36,28,800 ಬಗೆಯಾಗಿ ಸಾಲಿಡಬಹುದು. ಅವನ್ನೆಲ್ಲ ಓಡಿಸಬೇಕಾಗಿಲ್ಲ, ಮೂರನೆಯದಕ್ಕಿಂತ ಏಳನೆಯದು ಮುಂದಿದ್ದು ದೋಷ ಬಯಲಾಗುವ ಸಾಲುಗಳು ಅವುಗಳಲ್ಲಿ ಸರಿಯಾಗಿ ಅರ್ಧ. ಹತ್ತು ಬಾರಿ ಕಲಸಿಯೂ ಈ ದೋಷ ಕಣ್ತಪ್ಪುವ ಸಂಭವ 1,024ರಲ್ಲಿ ಒಂದು ಮಾತ್ರ.

ಚೀಟಿಯೆತ್ತಿ ನಿರ್ಧರಿಸುವ ಈ ಉಪಾಯವನ್ನು ಕೃಷಿವಿಜ್ಞಾನವು ಮೊದಲೇ ಬಲ್ಲುದು. ಗುಡ್ಡದ ಇಳಿಜಾರಿನಲ್ಲಿ ಕೆಳಗಣ ಮರಗಳಿಗೆ ಕೊಚ್ಚಿ ಬಂದ ಫಲವತ್ತಾದ ಮಣ್ಣು ದೊರೆಯುವುದರಿಂದ, ಅಲ್ಲಿ ಹಾಕಿದ ಗೊಬ್ಬರಕ್ಕೆ ಸಲ್ಲದ ಕೀರ್ತಿ ಸಲ್ಲದಿರಲೆಂದು, ಯಾವ ತುಂಡಿಗೆ ಯಾವ ಗೊಬ್ಬರವೆಂಬುದನ್ನು ಅದೃಷ್ಟಕ್ಕೆ ಬಿಡುವ ಪದ್ಧತಿಯನ್ನು ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ರೊನಾಲ್ಡ್ ಫಿಶರ್ 1920ರ ದಶಕದಲ್ಲಿ ರೂಢಿಗೆ ತಂದನು. ಆದರೆ ಉದ್ದೇಶ ತದ್ವಿರುದ್ಧ: ಕೃಷಿವಿಜ್ಞಾನಿಯು ಕಲಸುವುದು ಇಳಿಜಾರಿನ ಪ್ರಭಾವವನ್ನು ಎಲ್ಲಕ್ಕೂ ಹಂಚಿ ಅಡಗಿಸಲು, ನಾವು ಕಲಸುವುದು ಇಳಿಜಾರು ಇದೆಯೆಂಬುದನ್ನೇ ಬಯಲಿಗೆಳೆಯಲು.

ಇಂದು ತೇರ್ಗಡೆ, ನಾಳೆ ನಪಾಸು ಎಂದಾದರೆ ಯಾವುದನ್ನು ನಂಬುವುದೆಂದು ಗೊಣಗುವವರುಂಟು. ಕಲಸಿದ ಕ್ರಮ ಮರಳಿ ದೊರೆಯದಿದ್ದರೆ ಆ ಗೊಣಗಾಟ ನ್ಯಾಯವೇ ಸರಿ. ಆದರೆ ಗಣಕದ ಕಲಸುವಿಕೆ ನಿಜವಾದ ಅದೃಷ್ಟವಲ್ಲ. ಒಂದು ಬೀಜಸಂಖ್ಯೆಯಿಂದ ಹುಟ್ಟುವ ಲೆಕ್ಕಾಚಾರ. ಅದೇ ಬೀಜವನ್ನಿತ್ತರೆ ಅದೇ ಸಾಲು ಮರಳುವುದು. ರೂಬಿ ಭಾಷೆಯ ಪರೀಕ್ಷಾ ಸಾಧನ ಮಿನಿಟೆಸ್ಟ್, ಕೇಳದೆಯೇ ಕಲಸಿ, ಈ ಸಂಖ್ಯೆಯನ್ನೂ ಅಚ್ಚಿಸುತ್ತದೆ. ಗೋ ಭಾಷೆಯಲ್ಲಿ 2021ರ 1.17ನೆಯ ಆವೃತ್ತಿಯಿಂದ, ಕೇಳಿದವರಿಗೆ ಮಾತ್ರ, ಈ ಸೌಕರ್ಯವುಂಟು. ನನ್ನ ಮಟ್ಟಿಗೆ, ಕೇಳದೆಯೇ ಕಲಸುವುದು ಲೇಸು.

ಪ್ರತಿಯೊಂದು ಪರೀಕ್ಷೆಯೂ ತನ್ನ ಧಾರಣೆಯನ್ನು ತಾನೇ ತಂದು, ಹೋಗುವಾಗ ತಟ್ಟೆ ಒರೆಸಿಡುವಂತೆ ತಿದ್ದಿದೆನು. ತಂತ್ರಾಂಶವನ್ನೂ ತಿದ್ದಿ, ಧಾರಣೆಯಿಲ್ಲದೆ ಪಟೋರದ ಬಿಲ್ಲೊಂದನ್ನು ಬೇಡಿದೆನು. ಈ ಬಾರಿ ಸೊನ್ನೆ ಬರಲಿಲ್ಲ. ‘ಇಂದಿನ ಧಾರಣೆ ನಮೂದಿಸಿಲ್ಲ’ ಎಂದಿತು.