ನಿಂತ ಕಾರಿನ ಬ್ಯಾಟರಿ ಬರಿದಾಗುವುದೇಕೆ?

ರಾತ್ರಿ ನಿಲ್ಲಿಸಿದ ಹಳೆಯ ಕಾರು ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲವೆ? ಒಡನೆಯೇ ಹೊಸ ಬ್ಯಾಟರಿಗೆ ಹಣ ಸುರಿಯಬೇಡಿ. ಎಲ್ಲಿಯೋ ವಿದ್ಯುತ್ ಸೋರುತ್ತಿದ್ದರೆ ಹೊಸದೂ ಬರಿದಾಗುತ್ತದೆ. ಒಡೆದ ಬದು ಕಟ್ಟದೆ ಗದ್ದೆಗೆ ನೀರು ಹಾಯಿಸಿದರೆ ನಿಂತೀತೆ?

ಹೆಸರಿನಲ್ಲಿ ಬೈಲನ್ನು ಉಳಿಸಿಕೊಂಡಿರುವ ದೇರೆಬೈಲ್ ಇಂದು ಮಂಗಳೂರು ನಗರದ ಭಾಗ. ಇಂಥ ಕರಾವಳಿಯ ಊರುಗಳಲ್ಲಿ ಮಳೆಯ ತೇವವೂ ಸಮುದ್ರದ ಉಪ್ಪುಗಾಳಿಯೂ ಸೇರಿ ತಂತಿಯ ಜೋಡಣೆಗಳಿಗೆ ಕಿಲುಬು ಹಿಡಿಯುತ್ತದೆ. 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್, ಮಾರುತಿ 800 ಮುಂತಾದ ಕಾರು ಇಟ್ಟುಕೊಂಡವರು ಇದನ್ನು ಗಮನಿಸಬೇಕು.

ಸೋರಿಕೆ ಅಲ್ಪವೆಂದು ಅಲಕ್ಷಿಸಬಾರದು. ಡಿಕ್ಕಿಯ 5 ವ್ಯಾಟಿನ ಬಲ್ಬೊಂದು ಆರದೆ ಉಳಿದರೆ 40 ಆಂಪಿಯರ್-ಗಂಟೆಯ ಬ್ಯಾಟರಿ ಸುಮಾರು ನಾಲ್ಕು ದಿನಗಳಲ್ಲಿ ಪೂರ್ತಿ ಬರಿದು. ಸೆಲ್ಫ್ ತಿರುಗದಂತಾಗಲು ಅಷ್ಟು ದಿನವೂ ಬೇಡ.

ಮೊದಲು ಬ್ಯಾಟರಿಯನ್ನೇ ಪರೀಕ್ಷಿಸಿ. ಅದರ ಮೇಲ್ಭಾಗವನ್ನು ಒರೆಸಿ, ಪೂರ್ತಿ ಚಾರ್ಜ್ ಮಾಡಿಸಿ, ತಂತಿ ಕಳಚಿ ಒಂದು ರಾತ್ರಿ ಇಡಿ. ಬೆಳಿಗ್ಗೆ ಸುಮಾರು 12.6 ವೋಲ್ಟ್ ಇದ್ದರೆ ಚಾರ್ಜ್ ನಿಂತಿದೆ ಎಂದರ್ಥ. ತಂತಿ ಕಳಚಿಟ್ಟರೂ ಬಹಳ ಇಳಿದರೆ ದೋಷ ಬ್ಯಾಟರಿಯದ್ದೇ. ಇಲ್ಲವಾದರೆ ಸೋರಿಕೆಯನ್ನು ಕಾರಿನಲ್ಲಿ ಹುಡುಕಬೇಕು.

ಕೀಲಿ ತೆಗೆದು, ದೀಪ, ರೇಡಿಯೋ ಆರಿಸಿ, ಬಾಗಿಲು ಮುಚ್ಚಿ. ಬ್ಯಾಟರಿಯ ಮೈನಸ್ ತಂತಿಯನ್ನು ಕಳಚಿ, ಆ ತಂತಿಗೂ ಮೈನಸ್ ತುದಿಗೂ ನಡುವೆ ಮಲ್ಟಿಮೀಟರನ್ನು 10 ಆಂಪಿಯರ್ ಅಳತೆಯಲ್ಲಿಟ್ಟು ಜೋಡಿಸಿ. ಅಳತೆ 50 ಮಿಲಿಆಂಪಿಯರಿಗಿಂತ ಕಡಿಮೆ ಇದ್ದರೆ ಚಿಂತೆಯಿಲ್ಲ. ಮೀಟರ್ ಇರುವಾಗ ಕಾರನ್ನು ಸ್ಟಾರ್ಟ್ ಮಾಡಲೇಬಾರದು, ಮೀಟರ್ ಕೆಡುತ್ತದೆ. ಮೀಟರ್ ಇಲ್ಲದವರು 12 ವೋಲ್ಟಿನ ಸಣ್ಣ ಬಲ್ಬನ್ನು ಹೀಗೆಯೇ ಜೋಡಿಸಿ ನೋಡಬಹುದು. ಅದು ಉರಿದರೆ ಸೋರಿಕೆ ಇದೆಯೆಂದೇ ತಿಳಿಯಿರಿ.

ಬಳಿಕ ಫ್ಯೂಸುಗಳನ್ನು ಒಂದೊಂದಾಗಿ ತೆಗೆದು ನೋಡಿ, ಮತ್ತೆ ಹಾಕಿ. ಯಾವುದನ್ನು ತೆಗೆದಾಗ ಅಳತೆ ಇಳಿಯುವುದೋ ಆ ಸಾಲಿನಲ್ಲೇ ಕಳ್ಳನಿದ್ದಾನೆ. ಡಿಕ್ಕಿಯ ದೀಪ, ಬಾಗಿಲಿನ ಸ್ವಿಚ್ಚು, ಆಮೇಲೆ ಕೂಡಿಸಿದ ಟೇಪ್ ಇವುಗಳನ್ನು ಮೊದಲು ಶೋಧಿಸಿ. ಯಾವ ಫ್ಯೂಸು ತೆಗೆದರೂ ಇಳಿಯದಿದ್ದರೆ ಆಲ್ಟರ್ನೇಟರಿನ ಡಯೋಡ್ ಕೆಟ್ಟಿರಬಹುದು. ಅದನ್ನು ವಾಹನದ ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ಬ್ಯಾಟರಿಯಿಂದ ಹೊರಡುವ ಅನಿಲ ಹೊತ್ತಿಕೊಳ್ಳುವಂಥದು. ಬೀಡಿ, ಬೆಂಕಿ ಹತ್ತಿರ ತರಬೇಡಿ.

ಸುರಿಮಳೆಯ ನಡುರಾತ್ರಿ ರೋಗಿಯನ್ನು ಆಸ್ಪತ್ರೆಗೆ ಒಯ್ಯಬೇಕಾದಾಗ ಕಾರು ಕೈಕೊಡಬಾರದು. ಜೂನ್ ಮಳೆ ಹಿಡಿಯುವ ಮೊದಲೇ ಈ ಪರೀಕ್ಷೆ ಮುಗಿಸಿಕೊಳ್ಳಿ.