ನೆಲ ಬಿಟ್ಟು ನಿಂತ ಮರದ ಚರ್ಚು

ನಾರ್ವೆಯ ಲೆರ್ಡಾಲ್ ಕಣಿವೆಯಲ್ಲಿ ಬೋರ್ಗುಂಡ್ ಎಂಬ ಪುಟ್ಟ ಊರಿದೆ. ಊರು ಪುಟ್ಟದಾದರೂ ಅಕ್ಕಪಕ್ಕದಲ್ಲೇ ಎರಡು ಚರ್ಚುಗಳು. ಒಂದು 1868ರದು, ಸಾದಾ ಕಟ್ಟಡ. ಇನ್ನೊಂದು ಟಾರು ಬಳಿದು ಬಳಿದು ಕಪ್ಪಗಾದದ್ದು. ಮಾಡಿನ ಮೇಲೆ ಮಾಡು, ಅದರ ಮೇಲೆ ಮತ್ತೊಂದು ಮಾಡು, ಮೇಲಿನ ತುದಿಗಳಲ್ಲಿ ಕತ್ತು ಚಾಚಿದ ಡ್ರ್ಯಾಗನ್ ತಲೆಗಳು. ಶಿಲುಬೆ ಕಣ್ಣಿಗೆ ಬೀಳುವ ತನಕ ಅದನ್ನು ಚರ್ಚು ಎನ್ನಲು ನಾಲಿಗೆ ಹೊರಳುವುದಿಲ್ಲ. ಇದಕ್ಕೆ ಬಳಸಿದ ಮರಗಳನ್ನು 1180–81ರ ಚಳಿಗಾಲದಲ್ಲಿ ಕಡಿದದ್ದೆಂದು ಮರದ ವರ್ಷದುಂಗುರ ಎಣಿಸಿದವರು ಹೇಳುತ್ತಾರೆ. ಎಂಟೂವರೆ ಶತಮಾನ ಹತ್ತಿರವಾಯಿತು.

ಮರ ಇಷ್ಟು ಕಾಲ ಬಾಳಿದ್ದು ಹೇಗೆ? ಉತ್ತರ ಮರದಲ್ಲಿಲ್ಲ, ಅದರ ಕೆಳಗಿನ ಕಲ್ಲಿನಲ್ಲಿದೆ.

ನಾರ್ವೆಗೆ ಕ್ರೈಸ್ತಧರ್ಮ ಕಾಲಿಟ್ಟದ್ದು ಕ್ರಿ.ಶ. 1000ದ ಆಸುಪಾಸಿನಲ್ಲಿ. ಹಡಗು ಕಟ್ಟಿ ಪಳಗಿದ ಕೈಗಳಿಗೆ ಚರ್ಚು ಕಟ್ಟಲು ಮರವೇ ಸಲೀಸು. ಮೊದಮೊದಲು ಗುಂಡಿ ತೋಡಿ ಕಂಬ ಹೂಳುತ್ತಿದ್ದರು. ಮಣ್ಣಿನ ತೇವ ಕಂಬದ ಬುಡ ತಿಂದುಹಾಕುತ್ತಿತ್ತು, ಚರ್ಚು ಒಂದೆರಡು ತಲೆಮಾರಿಗೇ ಕುಸಿಯುತ್ತಿತ್ತು. ಕೊನೆಗೆ ಯಾರೋ ಬಡಗಿಗಳು ಪಾಠ ಕಲಿತರು. ಮೊದಲು ಕಲ್ಲಿನ ಅಡಿಪಾಯ. ಅದರ ಮೇಲೆ ಒಂದನ್ನೊಂದು ಅಡ್ಡಹಾಯುವ ದಪ್ಪ ಅಡಿತೊಲೆಗಳ ಚೌಕಟ್ಟು. ಕಂಬ ನಿಲ್ಲಬೇಕಾದದ್ದು ಆ ತೊಲೆಗಳ ಮೇಲೆ. ನಮ್ಮ ಹಳೆಯ ತೊಟ್ಟಿಮನೆಗಳ ಕಂಬಕ್ಕೂ ಅಡಿಗಲ್ಲು ಕೊಡುತ್ತಾರಲ್ಲ, ಅದೇ ಬುದ್ಧಿ. ನಾರ್ವೆಯವರ ಭಾಷೆಯಲ್ಲಿ ಕಂಬಕ್ಕೆ ಸ್ಟಾವ್ ಎನ್ನುತ್ತಾರೆ; ಇಂಥ ಚರ್ಚುಗಳಿಗೆ ಸ್ಟಾವ್ ಚರ್ಚು ಎಂಬ ಹೆಸರು ಬಂದದ್ದು ಅಲ್ಲಿಂದ.

ಗೋಡೆ ಎಂದರೆ ನೆಟ್ಟಗೆ ನಿಲ್ಲಿಸಿದ ಹಲಗೆಗಳ ಸಾಲು. ಒಂದರ ಅಂಚಿನಲ್ಲಿ ತೋಡಿದ ಸೀಳಿಗೆ ಪಕ್ಕದ್ದರ ತೆಳು ಅಂಚು ಕೂರುತ್ತದೆ. ಒಳಗೆ ನಡುಭಾಗದ ಎತ್ತರದ ಕಂಬಗಳು ಮೇಲಿನ ಮಾಡನ್ನು ಹೊರುತ್ತವೆ. ಕಣಿವೆಯ ಗಾಳಿಗೆ ಅವು ವಾಲದಂತೆ ಕಂಬದಿಂದ ಕಂಬಕ್ಕೆ ಗುಣಾಕಾರ ಚಿಹ್ನೆಯಂತೆ ಅಡ್ಡಪಟ್ಟಿಗಳನ್ನು ಬಿಗಿದಿದ್ದಾರೆ. ಯುರೋಪಿನಲ್ಲಿ ಈ ಆಕಾರಕ್ಕೆ ಸಂತ ಅಂದ್ರೆಯನ ಶಿಲುಬೆ ಎಂದೇ ಹೆಸರು. ಬೋರ್ಗುಂಡ್ ಚರ್ಚು ಸಮರ್ಪಿತವಾಗಿರುವುದೂ ಅವನಿಗೇ! ಮೂಲೆಗಳಿಗೆ ಹಡಗಿನವರ ಬಾಗುಮರಗಳು. ಸುತ್ತ ಓಡುವ ಮುಚ್ಚಿದ ಜಗಲಿ ಮಳೆ, ಹಿಮ ನೇರವಾಗಿ ಗೋಡೆಗೆ ಬಡಿಯದಂತೆ ತಡೆಯುತ್ತದೆ. ಬೆಳಕಿಗೆ ಮಾಡಿನಡಿ ಸಣ್ಣ ದುಂಡು ಕಿಂಡಿಗಳಷ್ಟೆ. ಒಳಗೆ ಕಾಲಿಟ್ಟರೆ ಕಣ್ಣು ಕತ್ತಲಿಗೆ ಒಗ್ಗಲು ಹೊತ್ತು ಹಿಡಿಯುತ್ತದೆ.

ಪಶ್ಚಿಮದ ಬಾಗಿಲಿನ ಬಳಿ ಮರದಲ್ಲಿ ಕೊರೆದ ರೂನ್ ಲಿಪಿಯ ಬರಹಗಳಿವೆ. ತೋರಿರ್ ಎಂಬ ದಾರಿಹೋಕ ಸಂತ ಓಲಾಫನ ಹಬ್ಬದ ಹಿಂದಿನ ಸಂಜೆ ಇಲ್ಲಿ ಹಾದುಹೋಗುವಾಗ ತನ್ನ ಹಣೆಬರಹವನ್ನು ತೋಡಿಕೊಂಡಿದ್ದಾನೆ. ದೂರಿರುವುದು ನೋರ್ನ್‌ಗಳನ್ನು, ಅಂದರೆ ಮನುಷ್ಯನ ಹಣೆ ಬರೆಯುವ ಹಳೆಯ ದೇವತೆಯರನ್ನು. ಏಸುವಿನ ಬಾಗಿಲಲ್ಲಿ ನಿಂತು ಅಜ್ಜಿಯರ ಕಾಲದ ದೇವರನ್ನು ಬೈಯುವ ಈ ಮನುಷ್ಯ ನನಗಂತೂ ಡ್ರ್ಯಾಗನ್‌ಗಳಿಗಿಂತ ಹೆಚ್ಚು ಹಿಡಿಸಿದ.

ತೇವವನ್ನು ಗೆದ್ದ ಚರ್ಚುಗಳಿಗೆ ಮುಂದೆ ಎದುರಾದದ್ದು ಕಾನೂನು. ಪ್ರತಿ ಚರ್ಚಿನಲ್ಲೂ ಆ ವ್ಯಾಪ್ತಿಯ ಜನರಲ್ಲಿ ಹತ್ತಕ್ಕೆ ಮೂವರಿಗಾದರೂ ಜಾಗ ಇರಬೇಕು ಎಂದಿತು 1851ರ ಕಾಯ್ದೆ. ಹಳೆಯ ಚರ್ಚುಗಳು ಇಕ್ಕಟ್ಟು. ಮೊದಲೇ ಕೆಡವುತ್ತಿದ್ದವರಿಗೆ ಇನ್ನೊಂದು ನೆಪ ಸಿಕ್ಕಿತು. ಒಂದು ಕಾಲಕ್ಕೆ ಸಾವಿರದಷ್ಟಿದ್ದವೆಂದು ಅಂದಾಜಿರುವ ಸ್ಟಾವ್ ಚರ್ಚುಗಳಲ್ಲಿ ಇಂದು ನಾರ್ವೆಯಲ್ಲಿ ಉಳಿದಿರುವುದು 28. ವಾಂಗ್ ಎಂಬಲ್ಲಿಯದನ್ನು 1841ರಲ್ಲಿ ಹರಾಜಿಗಿಟ್ಟಾಗ ಚಿತ್ರಕಾರ ಯೋಹಾನ್ ಕ್ರಿಸ್ಟಿಯಾನ್ ಡಾಲ್ ಅದನ್ನು ಪ್ರಷ್ಯಾದ ದೊರೆಗೆ ಕೊಡಿಸಿದ. ಬಿಚ್ಚಿ, ಪೆಟ್ಟಿಗೆಗಳಲ್ಲಿ ತುಂಬಿ ಸಾಗಿಸಿದ ಆ ಚರ್ಚು ಈಗ ಪೋಲೆಂಡಿನ ಕಾರ್ಪಾಚ್‌ನಲ್ಲಿದೆ. ಫೋರ್ಟೂನ್‌ನ ಚರ್ಚನ್ನು 1883ರಲ್ಲಿ ಬೆರ್ಗನ್ ಪಕ್ಕದ ಫಾಂಟಾಫ್ಟ್‌ಗೆ ಒಯ್ದು ಉಳಿಸಿದರು. 1992ರ ಜೂನ್ 6ರಂದು ಯಾರೋ ಕಿಚ್ಚಿಟ್ಟು ಅದು ಬೂದಿಯಾಯಿತು; ಈಗಿರುವುದು ಮರುಕಟ್ಟಿದ್ದು.

ಬೋರ್ಗುಂಡ್‌ನವರು ಹಳೆಯದನ್ನು ಕೆಡವದೆ ಪಕ್ಕದಲ್ಲಿ ಹೊಸದು ಕಟ್ಟಿಕೊಂಡರು. ಪ್ರಾಚೀನ ಸ್ಮಾರಕಗಳ ರಕ್ಷಣೆಗೆಂದು ಡಾಲ್ ಮತ್ತಿತರರು ಕಟ್ಟಿದ್ದ ಸಂಘ 1877ರಲ್ಲಿ ಹಳೆಯ ಚರ್ಚನ್ನು ಕೊಂಡಿತು. ಮಧ್ಯಯುಗದ ಆಮೇಲೆ ಸೇರಿದ್ದ ಬೆಂಚುಗಳನ್ನೂ ಕಿಟಕಿಗಳನ್ನೂ ತೆಗೆಸಿ ಹಳೆಯ ರೂಪಕ್ಕೆ ತಂದರು. ಇದನ್ನು ನೋಡಿ ಜರ್ಮನಿಯ ಹಾನೆನ್‌ಕ್ಲೇಯಲ್ಲಿ 1908ರಲ್ಲಿ ಒಂದು ಚರ್ಚು ಎದ್ದಿತು. ಅಮೆರಿಕದ ರ‍್ಯಾಪಿಡ್ ಸಿಟಿಯಲ್ಲಿ 1969ರಲ್ಲಿ ಪೂರಾ ಪಡಿಯಚ್ಚೇ ಆಯಿತು. ಪ್ರವಾಸಿಗರು ಟಿಕೆಟ್ ಕೊಂಡು ಕಪ್ಪು ಚರ್ಚಿನ ಕಡೆ ಹೋಗುತ್ತಾರೆ. ಊರಿನವರು ಪ್ರಾರ್ಥನೆಗೆ ಹೋಗುವುದು ಯಾರೂ ಫೋಟೊ ತೆಗೆಯದ 1868ರದಕ್ಕೆ.