ಚಂಚಲತೆಯ ಆಳದಲ್ಲಿರುವುದೇನು? ಎಡಿಎಚ್‌ಡಿ ಇರುವ ಮಗುವನ್ನು ಅರಿಯುವ ಬಗೆ

‘ಮಗು ಒಂದೆಡೆ ಕೂರುವುದಿಲ್ಲ, ಹೇಳಿದ್ದು ಕೇಳುವುದಿಲ್ಲ, ಕೊಟ್ಟ ಕೆಲಸ ಮುಗಿಸುವುದಿಲ್ಲ’ ಎಂಬ ದೂರನ್ನು ಹೊತ್ತು ನಮ್ಮ ಚಿಕಿತ್ಸಾಲಯಕ್ಕೆ ಬರುವ ತಂದೆತಾಯಿಗಳು ಅನೇಕರು. ಆ ಮಕ್ಕಳಲ್ಲಿ ಹಲವರಿಗೆ ಯಾವ ತೊಂದರೆಯೂ ಇರುವುದಿಲ್ಲ. ಓಡುವುದು, ಮರೆಯುವುದು, ಹಟ ಹಿಡಿಯುವುದು ಬಾಲ್ಯದ ಸಹಜ ಗುಣಗಳೇ ಆಗಿವೆ. ಆದರೆ ಕೆಲವು ಮಕ್ಕಳ ಚಂಚಲತೆಗೆ ಬೇರೆಯೇ ಮೂಲವಿರುತ್ತದೆ. ಗಮನದ ಕೊರತೆ ಮತ್ತು ಅತಿಚಟುವಟಿಕೆಯ ಈ ತೊಂದರೆಯನ್ನು ವೈದ್ಯಶಾಸ್ತ್ರವು ಎಡಿಎಚ್‌ಡಿ ಎಂದು ಕರೆಯುತ್ತದೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, 100 ಮಕ್ಕಳಲ್ಲಿ ಸುಮಾರು 5 ಮಕ್ಕಳಲ್ಲಿ ಇದು ಕಂಡುಬಂದಿದೆ. ಅಂದರೆ 40 ಮಕ್ಕಳ ತರಗತಿಯಲ್ಲಿ ಒಬ್ಬಿಬ್ಬರು.

ಕೆಲವು ವರ್ಷಗಳ ಹಿಂದೆ ಆರನೆಯ ತರಗತಿಯ ಬಾಲಕನೊಬ್ಬನನ್ನು ಅವನ ತಾಯಿ ಕರೆತಂದಿದ್ದರು. ‘ಅಂಗಡಿಗೆ ಕಳಿಸಿದ್ರ ಮೂರು ಸಾಮಾನದಾಗ ಒಂದ ತರ್ತಾನ್ರಿ. ಕ್ರಿಕೆಟ್ ಹಚ್ಚಿದ್ರ ಮೂರು ತಾಸು ಅಲ್ಲಾಡೂದಿಲ್ಲ. ಇವಂಗ ಗಮನ ಇಲ್ಲ ಅಂತ ಹೆಂಗ ಅನ್ನೂದ್ರಿ? ಬೇಕಂತನ ಮಾಡ್ತಾನ’ ಎಂದರು. ಅವರ ತರ್ಕ ನಮಗೂ ಸರಿಯೆನಿಸಿತು. ನಾವು ಮನೋವೈದ್ಯರಲ್ಲ, ಊರಿನ ಸಾಮಾನ್ಯ ವೈದ್ಯರು. ಟಿ.ವಿ. ಬಿಡಿಸಿ, ದಿನವೂ ಸಂಜೆ ಎರಡು ತಾಸು ಪಕ್ಕದಲ್ಲಿ ಕೂಡಿಸಿಕೊಂಡು ಓದಿಸಿರಿ ಎಂದು ಹೇಳಿ ಕಳುಹಿಸಿದೆವು. ಮೂರು ತಿಂಗಳಲ್ಲಿ ಅವರು ಮತ್ತೆ ಬಂದರು. ಬೆಳಗಾದರೆ ಮಗನಿಗೆ ಹೊಟ್ಟೆನೋವು, ಶಾಲೆಗೆ ಹೋಗಲು ಒಲ್ಲೆ ಎನ್ನುತ್ತಾನೆ. ಹೊಟ್ಟೆಯಲ್ಲಿ ಯಾವ ದೋಷವೂ ಕಾಣಲಿಲ್ಲ. ತಾಯಿಯನ್ನು ಹೊರಗೆ ಕಳುಹಿಸಿ ಕೇಳಿದಾಗ ಬಾಲಕ ನೆಲ ನೋಡುತ್ತ, ‘ನಾ ದಡ್ಡ ಅದೀನ್ರಿ. ಎಷ್ಟ ಓದಿದ್ರೂ ತಲ್ಯಾಗ ನಿಲ್ಲೂದಿಲ್ಲ’ ಎಂದ. ಆ ಎರಡು ತಾಸಿನ ಪಾಠ ಪ್ರತಿದಿನ ಬೈಗುಳದಲ್ಲಿ, ಒಮ್ಮೊಮ್ಮೆ ಹೊಡೆತದಲ್ಲಿ ಮುಗಿಯುತ್ತಿತ್ತು. ನಮ್ಮ ಸಲಹೆಯೇ ಮಗುವನ್ನು ಆ ಸ್ಥಿತಿಗೆ ತಂದಿತ್ತೆಂಬುದನ್ನು ನಾವು ಒಪ್ಪಿಕೊಳ್ಳಲೇಬೇಕು. ಮುಂದೆ ಮನೋವೈದ್ಯರು ಪರೀಕ್ಷಿಸಿ, ಇದು ಎಡಿಎಚ್‌ಡಿ ಎಂದು ತಿಳಿಸಿದರು.

ಹಾಗಾದರೆ ಮೂರು ತಾಸು ಕ್ರಿಕೆಟ್ ನೋಡಿದ್ದು ಹೇಗೆ? ಈ ತೊಂದರೆಯ ಹೆಸರೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಇಲ್ಲಿ ಗಮನವೇ ಇಲ್ಲವೆಂದಲ್ಲ. ಬೇಕಾದಲ್ಲಿಗೆ ಅದನ್ನು ತಿರುಗಿಸುವ, ಬೇಡವಾದಾಗ ಹಿಂದೆಳೆದುಕೊಳ್ಳುವ ಹಿಡಿತ ದುರ್ಬಲವಾಗಿದೆ. ಕ್ಷಣಕ್ಷಣಕ್ಕೂ ಕುತೂಹಲ ಹುಟ್ಟಿಸುವ ಆಟವು ಮನಸ್ಸನ್ನು ತಾನಾಗಿಯೇ ಹಿಡಿದಿಡುತ್ತದೆ. ಫಲ ಎಂದೋ ಸಿಗುವ ಗುಣಾಕಾರದ ಲೆಕ್ಕಕ್ಕೆ ಒಳಗಿನಿಂದಲೇ ನೂಕುಬಲ ಬೇಕು. ಆ ಬಲವನ್ನು ಒದಗಿಸುವುದು ಹಣೆಯ ಹಿಂಭಾಗದಲ್ಲಿರುವ ಮೆದುಳಿನ ಮುಂಭಾಗ ಮತ್ತು ಅದರೊಡನೆ ಬೆಸೆದ ನರಜಾಲಗಳು. ಡೋಪಮಿನ್, ನಾರ್‌ಅಡ್ರಿನಾಲಿನ್ ಎಂಬ ರಾಸಾಯನಿಕಗಳು ಅಲ್ಲಿ ಸಂದೇಶವಾಹಕಗಳು. ಎಡಿಎಚ್‌ಡಿಯಲ್ಲಿ ಈ ವ್ಯವಸ್ಥೆಯ ಕಾರ್ಯವೈಖರಿ ಭಿನ್ನವಾಗಿರುತ್ತದೆ. 2007ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸಾಮಾನ್ಯ ಮಕ್ಕಳ ಮೆದುಳಿನ ಹೊರಪದರವು ಸರಾಸರಿ ಏಳೂವರೆ ವರ್ಷಕ್ಕೆ ತಲುಪುವ ದಪ್ಪವನ್ನು ಈ ಮಕ್ಕಳ ಮೆದುಳು ಹತ್ತೂವರೆ ವರ್ಷಕ್ಕೆ ತಲುಪಿದ್ದು ಕಂಡುಬಂದಿತು. (ಇದು ಸರಾಸರಿಯ ಮಾತು. ಒಂದು ಮಗುವಿನ ಸ್ಕ್ಯಾನ್ ತೆಗೆಸಿ ಎಡಿಎಚ್‌ಡಿ ಇದೆಯೋ ಇಲ್ಲವೋ ಎಂದು ಹೇಳಲಾಗದು. ಅಂಥ ಭರವಸೆ ಕೊಟ್ಟು ಹಣ ಕೇಳುವವರಿದ್ದರೆ ದೂರವಿರಿ.)

ಅಂಗಡಿಯ ಪ್ರಸಂಗವನ್ನೇ ನೋಡೋಣ. ಬೆಲ್ಲ, ಚಹಾಪುಡಿ, ಬೆಂಕಿಪೆಟ್ಟಿಗೆ ಎಂಬ ಮೂರು ಹೆಸರುಗಳನ್ನು ತುಸು ಹೊತ್ತು ಹಿಡಿದಿಡುವ ಮನಸ್ಸಿನ ಪಾಟಿ ಈ ಮಕ್ಕಳಲ್ಲಿ ಚಿಕ್ಕದು, ಬೇಗ ಅಳಿಸಿಹೋಗುವಂಥದು. ದಾರಿಯಲ್ಲಿ ಒಂದು ನಾಯಿಮರಿ ಕಂಡರೆ ಬರೆದುದೆಲ್ಲ ಹೋಯಿತು. ಕಾಲದ ಅರಿವೂ ಹಾಗೆಯೇ. ಅವರ ಪಾಲಿಗೆ ‘ಈಗ’ ಮತ್ತು ‘ಈಗಲ್ಲ’ ಎಂಬ ಎರಡೇ ಕಾಲಗಳಿದ್ದಂತೆ. ನಾಳಿನ ಪರೀಕ್ಷೆ ‘ಈಗಲ್ಲ’ದ ಗುಂಪಿಗೆ ಸೇರಿ ಮರೆಯಾಗುತ್ತದೆ. ಸಿಟ್ಟು, ದುಃಖ, ಸಂತೋಷಗಳು ತಡೆಯಿಲ್ಲದೆ ನುಗ್ಗುತ್ತವೆ. ಏನು ಮಾಡಬೇಕೆಂಬುದು ಮಗುವಿಗೆ ಗೊತ್ತು. ಕೇಳಿದರೆ ಚೆನ್ನಾಗಿಯೇ ಹೇಳುತ್ತದೆ. ಗೊತ್ತಿರುವುದನ್ನು ಆ ಹೊತ್ತಿಗೆ ಮಾಡಲಾಗದು, ಅಷ್ಟೆ. ಇದು ಹೊರಗಿನವರಿಗೆ ಉದ್ಧಟತನವಾಗಿ ತೋರುತ್ತದೆ.

ಹೀಗೆ ತೋರಿದ್ದು ನಮ್ಮವರಿಗೆ ಮಾತ್ರವಲ್ಲ. 1902ರಲ್ಲಿ ಲಂಡನ್ನಿನ ವೈದ್ಯ ಜಾರ್ಜ್ ಸ್ಟಿಲ್ ಇಂಥ ಮಕ್ಕಳನ್ನು ಕುರಿತು ಉಪನ್ಯಾಸಗಳನ್ನು ಕೊಟ್ಟಾಗ, ಇದನ್ನು ನೈತಿಕ ನಿಯಂತ್ರಣದ ದೋಷವೆಂದೇ ಕರೆದಿದ್ದರು. ಗಮನದ ಕೊರತೆ ಎಂಬ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಬಂದುದು 1980ರಲ್ಲಿ. ನಡುವಿನ ದಶಕಗಳಲ್ಲಿ ಎಷ್ಟು ಮಕ್ಕಳು ತಮ್ಮನ್ನು ತಾವು ಕೆಟ್ಟವರೆಂದು ನಂಬಿ ಬೆಳೆದಿರಬಹುದು!

ಎಲ್ಲಕ್ಕಿಂತ ಆಳದಲ್ಲಿರುವುದು ಈ ನಂಬಿಕೆಯೇ. ಸೋಮಾರಿ, ಬೇಜವಾಬ್ದಾರಿ, ದಡ್ಡ ಎಂಬ ಮಾತುಗಳನ್ನು ದಿನವೂ ಕೇಳಿದ ಮಗು ಅವನ್ನೇ ತನ್ನ ಹೆಸರೆಂದು ತಿಳಿಯುತ್ತದೆ. ಆತಂಕ, ಖಿನ್ನತೆಗಳು ಹೀಗೆ ಜೊತೆಗೂಡುತ್ತವೆ. ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಗುಪ್ತ. ಅವರಲ್ಲಿ ಹಲವರು ಓಡಾಡುವುದಿಲ್ಲ, ಗಲಾಟೆ ಮಾಡುವುದಿಲ್ಲ. ಕಿಟಕಿಯಾಚೆ ನೋಡುತ್ತ ಸುಮ್ಮನೆ ಕುಳಿತಿರುತ್ತಾರೆ. ಯಾರಿಗೂ ತೊಂದರೆ ಕೊಡದ ಕಾರಣ ಯಾರೂ ವೈದ್ಯರ ಬಳಿಗೆ ಕರೆತರುವುದಿಲ್ಲ.

ಬಾಲಕನ ತಂದೆ ಮೊದಲೆರಡು ಭೇಟಿಗಳಿಗೆ ಬಂದಿರಲಿಲ್ಲ. ಮೂರನೆಯ ಸಲ ಬಂದವರು ಎಲ್ಲವನ್ನೂ ಕೇಳಿಸಿಕೊಂಡು ಬಹಳ ಹೊತ್ತು ಮೌನವಾಗಿದ್ದರು. ‘ನಾನೂ ಸಣ್ಣಾಂವಿದ್ದಾಗ ಹಿಂಗ ಇದ್ದೆರಿ. ಅದಕ್ಕ ಸಾಲಿ ಬಿಟ್ಟೆ’ ಎಂದರು. ಇದರಲ್ಲಿ ಆಶ್ಚರ್ಯವಿಲ್ಲ. ಎಡಿಎಚ್‌ಡಿಯಲ್ಲಿ ಆನುವಂಶಿಕತೆಯ ಪಾತ್ರ ಬಹಳ ದೊಡ್ಡದೆಂದು ಅವಳಿ ಮಕ್ಕಳ ಅಧ್ಯಯನಗಳು ತೋರಿಸಿವೆ. ಸಕ್ಕರೆ ತಿಂದುದರಿಂದಾಗಲಿ, ತಾಯಿಯ ಮುದ್ದಿನಿಂದಾಗಲಿ ಇದು ಬರುವುದಿಲ್ಲ. ಅನೇಕರಲ್ಲಿ ದೊಡ್ಡವರಾದ ಮೇಲೂ ಉಳಿಯುತ್ತದೆ.

ರಕ್ತಪರೀಕ್ಷೆಯಿಂದ ಇದನ್ನು ಕಂಡುಹಿಡಿಯಲಾಗದು. ಲಕ್ಷಣಗಳು 12 ವರ್ಷಕ್ಕೆ ಮೊದಲೇ ಆರಂಭವಾಗಿರಬೇಕು, ಕನಿಷ್ಠ 6 ತಿಂಗಳು ಇರಬೇಕು, ಮನೆ ಮತ್ತು ಶಾಲೆಯಂಥ ಎರಡು ಕಡೆಗಳಲ್ಲಾದರೂ ಕಾಣಬೇಕು, ಬದುಕಿಗೆ ಅಡ್ಡಿಯಾಗಿರಬೇಕು. ದೃಷ್ಟಿದೋಷ, ಕಿವುಡು, ನಿದ್ರೆಯ ಕೊರತೆ, ಕ್ಷಣಕಾಲ ಅರಿವು ತಪ್ಪಿಸುವ ಮೂರ್ಛೆರೋಗ, ಕಲಿಕಾ ನ್ಯೂನತೆ ಇವೂ ಮೇಲ್ನೋಟಕ್ಕೆ ಹೀಗೆಯೇ ಕಾಣಬಹುದು. ಆದ್ದರಿಂದ ಮನೆಯಲ್ಲೇ ತೀರ್ಮಾನಿಸಬಾರದು.

ಮನೆಯಲ್ಲಿ ಮಾಡಬಹುದಾದುದೂ ಬಹಳವಿದೆ. ಒಂದು ಸಲಕ್ಕೆ ಒಂದೇ ಮಾತು ಹೇಳಿ, ಹೆಗಲ ಮೇಲೆ ಕೈಯಿಟ್ಟು, ಕಣ್ಣು ನೋಡಿ ಹೇಳಿ. ಸಾಮಾನಿನ ಪಟ್ಟಿಯನ್ನು ಚೀಟಿಯಲ್ಲಿ ಬರೆದುಕೊಡಿ. ಎರಡು ತಾಸಿನ ಓದನ್ನು ಹದಿನೈದು ನಿಮಿಷಗಳ ತುಂಡುಗಳಾಗಿಸಿ, ನಡುವೆ ಓಡಲು ಬಿಡಿ. ಗಡಿಯಾರ ಕಣ್ಣೆದುರಿಗಿರಲಿ. ಒಳ್ಳೆಯದು ಮಾಡಿದೊಡನೆ ಅಲ್ಲೇ ಹೊಗಳಿ. ವರ್ಷಾಂತ್ಯಕ್ಕೆ ಸೈಕಲ್ ಕೊಡಿಸುವ ಮಾತು ಈ ಮಕ್ಕಳನ್ನು ನಡೆಸದು. ಶಿಕ್ಷಕರು ಮುಂದಿನ ಸಾಲಿನಲ್ಲಿ ಕೂಡಿಸಿ, ಹಲಗೆ ಒರೆಸುವಂಥ ಓಡಾಟದ ಕೆಲಸ ಕೊಟ್ಟರೆ ಅರ್ಧ ಗಲಾಟೆ ಕಡಿಮೆಯಾದೀತು. ಚಿಕ್ಕ ಮಕ್ಕಳಿಗೆ ಮೊದಲು ತಂದೆತಾಯಿಗಳ ತರಬೇತಿಯೇ ಚಿಕಿತ್ಸೆ. ಅಗತ್ಯವಿದ್ದಾಗ ಮೀಥೈಲ್‌ಫೆನಿಡೇಟ್ ಮುಂತಾದ ಔಷಧಿಗಳನ್ನು ತಜ್ಞರು ಕೊಡುತ್ತಾರೆ. ಅವು ಅನೇಕ ಮಕ್ಕಳಿಗೆ ಸ್ಪಷ್ಟವಾದ ಪ್ರಯೋಜನ ನೀಡುತ್ತವೆ. ಹಸಿವು, ನಿದ್ರೆ ಕಡಿಮೆಯಾಗಬಹುದಾದ್ದರಿಂದ ತೂಕ, ಎತ್ತರ, ರಕ್ತದೊತ್ತಡಗಳನ್ನು ಆಗಾಗ ನೋಡಿಸಬೇಕು. ತಜ್ಞರ ಚೀಟಿಯಿಲ್ಲದೆ ಈ ಔಷಧಿಯನ್ನು ಕೊಡಲೇಬಾರದು.

ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಸಂಸ್ಥೆಗಳಲ್ಲಿ ಇದಕ್ಕೆ ಚಿಕಿತ್ಸೆಯುಂಟು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನೂ ಕಾಣಬಹುದು. ಸರ್ಕಾರಿ ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯ ತಂಡಕ್ಕೂ ಮಗುವಿನ ವಿಷಯ ತಿಳಿಸಿ. ಯಾರನ್ನು ಕಾಣಬೇಕೆಂದು ತೋಚದಿದ್ದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು, ಅದು ಉಚಿತ. ಹೋಗುವಾಗ ಮಗುವಿನ ಶಾಲಾ ಪುಸ್ತಕಗಳನ್ನೂ ತರಗತಿಯ ಶಿಕ್ಷಕರು ಬರೆದ ಒಂದು ಚೀಟಿಯನ್ನೂ ಒಯ್ಯಿರಿ. ಸಾಧ್ಯವಿದ್ದರೆ ತಂದೆತಾಯಿಗಳಿಬ್ಬರೂ ಹೋಗಿರಿ.